ಗೋಕರ್ಣದಲ್ಲಿ ನೀರಿಗಿಳಿಯುವ ಮುನ್ನ

ಗೋಕರ್ಣಕ್ಕೆ ಬಂದವರು ಮಹಾಬಲೇಶ್ವರನ ದರ್ಶನ ಮುಗಿಸಿ ನೇರ ಎದುರಿನ ಕಡಲಿಗೇ ಇಳಿಯುತ್ತಾರೆ. ಕಾಲು ತೋಯಿಸಿಕೊಳ್ಳಲು ಅದು ಸಾಕು. ಈಜುವ ಆಸೆಯಿದ್ದವರು ದಕ್ಷಿಣದ ಗುಡ್ಡ ದಾಟಿ ಕುಡ್ಲೆ ಬೀಚಿಗೆ ಹೋಗುವುದು ಮೇಲು. ಅಲ್ಲೂ ಸೊಂಟಮಟ್ಟ ಮೀರದಿದ್ದರೆ ಒಳ್ಳೆಯದು.

ಓಂ ಬೀಚಿನ ನಡುವೆ ಕಡಲಿಗೆ ಚಾಚಿದ ಬಂಡೆಗಳು ಫೋಟೋಗೆ ಸೊಗಸು, ಆದರೆ ಪಾಚಿ ಹಿಡಿದು ಜಾರುತ್ತವೆ. ಅಲೆ ಬಡಿಯುವಾಗ ಹತ್ತಲೇಬಾರದು.

ಆಚೆಗಿನ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಕಾಲುದಾರಿ ಇಲ್ಲವೇ ದೋಣಿಯೇ ಗತಿ.

ಎಲ್ಲಿಗೇ ಹೋದರೂ ಸೆಳೆತ ಎಲ್ಲಿದೆಯೆಂದು ಮೊದಲು ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಬೇಕು. ಅಲೆಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿಯೇ ಹೆಚ್ಚಾಗಿ ಈಜುಗಾರರನ್ನು ಒಳಕ್ಕೆ ಎಳೆದೊಯ್ಯುವುದು. ಸಿಕ್ಕಿಬಿದ್ದವರು ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ನೀರಿಗಿಳಿಯುವುದೇ ಬೇಡ.