ಕಪಿಲೆಯ ನೆರೆಯೂ ದೇಹದ ಕಸುವೂ

ಪ್ರಶ್ನೆ: ನನಗೆ 54 ವರ್ಷ. ನಂಜನಗೂಡಿನಲ್ಲಿ ಹೊಳೆಗೆ ಸಮೀಪವೇ ಮನೆ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸಾಮಾನುಗಳನ್ನು ಮಹಡಿಗೆ ಸಾಗಿಸುವಷ್ಟರಲ್ಲಿ ಏದುಸಿರು ಬರುತ್ತದೆ. ಈ ವಯಸ್ಸಿನಲ್ಲಿ ವ್ಯಾಯಾಮದಿಂದ ಪ್ರಯೋಜನವುಂಟೇ, ಡಾಕ್ಟರೇ?

ಉತ್ತರ: ಉಂಟು, ಆದರೆ ಮೊದಲು ಆ ಏದುಸಿರಿನ ಕಾರಣವನ್ನು ಅರಿಯತಕ್ಕುದು. ಮೆಟ್ಟಿಲೇರುವಾಗ ಎದೆ ಬಿಗಿಯುವುದಾಗಲಿ, ನೋವು ತೋಳಿಗಿಳಿಯುವುದಾಗಲಿ, ಸಂಜೆಯ ಹೊತ್ತಿಗೆ ಪಾದಗಳು ಊದಿಕೊಳ್ಳುವುದಾಗಲಿ ಇದ್ದಲ್ಲಿ, ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಪರೀಕ್ಷೆಗಳು ಮುಗಿಯುವ ತನಕ ವ್ಯಾಯಾಮದ ಮಾತು ಬೇಡ. ದೋಷವಿಲ್ಲವೆಂದು ನಿಶ್ಚಯವಾದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿರುವಂತೆ ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯನ್ನೂ, ಎರಡು ದಿನವಾದರೂ ಸ್ನಾಯುಗಳಿಗೆ ಬಲವೀಯುವ ಶ್ರಮವನ್ನೂ ಕ್ರಮಕ್ರಮವಾಗಿ ರೂಢಿಸಿಕೊಳ್ಳಿರಿ. ಗರಡಿಮನೆಯ ಮಣ್ಣಿನ ಮೇಲೆ ನನಗೆ ಗೌರವವಿದ್ದರೂ, ನೆರೆಯ ವೇಳೆಯಲ್ಲಿ ಬೇಕಾದುದು ಪೈಲ್ವಾನನ ತೋಳಲ್ಲ. ನೆಲದಿಂದ ಕೈಯೂರದೆ ಏಳುವ, ತುಂಬಿದ ಬಿಂದಿಗೆಯನ್ನು ಮಂಡಿ ಮಡಿಸಿ ಎತ್ತುವ, ನಿಲ್ಲದೆ ಎರಡು ಮಹಡಿ ಹತ್ತುವ ಸಾಮರ್ಥ್ಯ.

ಇಷ್ಟಾದರೂ ಸಾಮಾನಿಗಾಗಿ ಪ್ರಾಣವನ್ನು ಪಣವೊಡ್ಡಬಾರದು. ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ಬಿಡುವರೆಂಬುದು ಮೊದಲೇ ಸಾರಲ್ಪಡುವುದರಿಂದ, ದಿನದ ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹಗಲಿನಲ್ಲಿಯೇ ಹೊರಡುವುದು ಲೇಸು. 2019ರ ಆಗಸ್ಟಿನಲ್ಲಿ ಮಲ್ಲನಮೂಲೆಯ ಬಳಿ ಊಟಿ ರಸ್ತೆಯ ಮೇಲೆ ಹರಿದಂಥ ನೀರನ್ನು ನಡೆದು ದಾಟುವ ಸಾಹಸವಂತೂ ಕೂಡದು. ರಭಸದ ಅರ್ಧ ಅಡಿ ನೀರು ಗಟ್ಟಿಗನ ಕಾಲನ್ನೂ ತಪ್ಪಿಸಬಲ್ಲದು.

ಪ್ರಶ್ನೆ: ನನಗೆ 22 ವರ್ಷ, ತಿ. ನರಸೀಪುರದವನು. ಚಿಕ್ಕಂದಿನಿಂದ ಸಂಗಮದಲ್ಲಿ ಈಜಿ ಬಲ್ಲೆ. ಮುಳುಗುವವರನ್ನು ರಕ್ಷಿಸಲು ದೇಹವನ್ನು ಹೇಗೆ ಅಣಿಗೊಳಿಸಲಿ?

ಉತ್ತರ: ನಿಮ್ಮ ಉತ್ಸಾಹ ಶ್ಲಾಘನೀಯ; ನಿಮ್ಮ ಈಜಿನಲ್ಲಿಯೇ ನನಗೆ ಭಯ. ಉಸಿರಿಗಾಗಿ ಒದ್ದಾಡುವವನು ಹತ್ತಿರ ಬಂದವನನ್ನು ಅಪ್ಪಿ ಹಿಡಿದು ತನ್ನೊಡನೆ ಕೆಳಗೊಯ್ಯುವನು. ಆ ಹಿಡಿತವನ್ನು ಬಿಡಿಸಿಕೊಳ್ಳುವ ಬಲ ಯಾವ ದಂಡ-ಬಸ್ಕಿಯಿಂದಲೂ ಬರುವುದೆಂದು ನೆಚ್ಚುವಂತಿಲ್ಲ. ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿ ಸೆಳವೂ ಮಡುವೂ ಕಣ್ಣಿಗೆ ಕಾಣವು. ಆದುದರಿಂದ ದಡದಲ್ಲಿ ಬೋರಲು ಮಲಗಿ ಹಗ್ಗವನ್ನೋ, ಗಂಟಿಕ್ಕಿದ ಸೀರೆ ಪಂಚೆಗಳನ್ನೋ, ಬಿದಿರ ಗಳುವನ್ನೋ ಚಾಚಿರಿ. ಬಿರಟೆ ಹಾಕಿದ ಖಾಲಿ ಕ್ಯಾನನ್ನಾದರೂ ಎಸೆಯಿರಿ.

ದೇಹಬಲ ಬೇಕಾಗುವುದು ಅನಂತರ. ಹೊರತೆಗೆದವನನ್ನು ತಲೆಕೆಳಗಾಗಿ ಹೊತ್ತು ತಿರುಗಿಸುವ, ಹೊಟ್ಟೆಯನ್ನು ಅದುಮಿ ನೀರು ಕಕ್ಕಿಸುವ ರೂಢಿ ಅಮೂಲ್ಯ ಕಾಲವನ್ನು ಕಳೆಯುವುದಲ್ಲದೆ ವಾಂತಿಯನ್ನು ಶ್ವಾಸಕೋಶಕ್ಕೆ ನುಗ್ಗಿಸುವುದು. ಎಚ್ಚರವೂ ಸಹಜವಾದ ಉಸಿರೂ ಇಲ್ಲದಿದ್ದರೆ, ಒಬ್ಬರು 108ಕ್ಕೆ ಕರೆ ಮಾಡುತ್ತಿರಲು ಇನ್ನೊಬ್ಬರು ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಬಾರಿ ಉಸಿರೂದತಕ್ಕುದು, ಬಳಿಕ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂಟಿಮೀಟರು ಆಳಕ್ಕೆ 30 ಸಲ ಒತ್ತಿ, ಮತ್ತೆ ಎರಡು ಉಸಿರು, ಹೀಗೆಯೇ ಮುಂದುವರಿಯಬೇಕು. ಎರಡು ನಿಮಿಷದಲ್ಲಿ ಒತ್ತುವವನ ತೋಳು ಸೋಲತೊಡಗುವುದರಿಂದ ಸರದಿಗೆ ಗೆಳೆಯರು ಬೇಕು. ನೀವೊಬ್ಬರೇ ಕಲಿತರೆ ಸಾಲದು. ಚೇತರಿಸಿಕೊಂಡವನು ಮನೆಗೆ ಹೋಗುವೆನೆಂದರೂ ಬಿಡಬೇಡಿರಿ: ಕೆಲವು ಗಂಟೆಗಳ ಮೇಲೆ ಉಸಿರಾಟ ಕೆಡುವ ಸಂಭವವಿರುವುದರಿಂದ ಅವನನ್ನು ಆಸ್ಪತ್ರೆಗೆ ಒಯ್ಯಲೇಬೇಕು.