ಕಾಗದಪತ್ರಗಳ ವಿಲೇವಾರಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ಇವುಗಳಲ್ಲಿ ಪಾವಗಡವು ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಜಿಲ್ಲಾಕೇಂದ್ರಕ್ಕೂ ಅದಕ್ಕೂ ಸುಮಾರು 100 ಕಿಲೋಮೀಟರುಗಳ ಅಂತರವಿದೆ. ಇಂತಹ ಗಡಿನಾಡಿನ ರೈತನಿಗೆ ಸರ್ಕಾರವೆಂದರೆ ಬಹುಪಾಲು ಒಂದು ಕಾಗದವೇ ಸರಿ. ತಾನು ಸಲ್ಲಿಸಿದ ಅರ್ಜಿಗೂ ಅದಕ್ಕೆ ಬರಬೇಕಾದ ಉತ್ತರಕ್ಕೂ ನಡುವೆ ಅವನ ಎಷ್ಟೋ ದಿನಗಳು ಕಳೆದುಹೋಗುತ್ತವೆ. ಆದುದರಿಂದ ಕಾಗದಪತ್ರಗಳನ್ನು ಕ್ರಮವಾಗಿ ವಿಲೇವಾರಿ ಮಾಡುವುದು ಕೇವಲ ಕಚೇರಿಯ ಅಚ್ಚುಕಟ್ಟಲ್ಲ. ಅದು ಜನರ ಬಾಳಿಗೆ ಸಂಬಂಧಿಸಿದ ವಿಷಯ.

ಈ ಪ್ರಾಂತ್ಯಕ್ಕೆ ಬರಹದ ಆಡಳಿತ ಹೊಸದಲ್ಲ. 1687ರಲ್ಲಿ ಶಿರಾ ಪಟ್ಟಣವು ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. ಅದೇ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು. ಇದಕ್ಕೆ ‘ಅಠಾರಾ ಕಚೇರಿ’ ಎಂದು ಹೆಸರು. ಅಂಚೆಯ ಚಾವಡಿಯೂ ಅವುಗಳಲ್ಲೊಂದು. ಮೈಸೂರಿನ ಈ ಅಂಚೆಯು 1889ರವರೆಗೆ ಪ್ರತ್ಯೇಕವಾಗಿ ನಡೆದು, ಅನಂತರ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಯಾವ ಕೆಲಸ ಯಾರದು ಎಂಬುದು ಮೊದಲು ಗೊತ್ತಾಗಬೇಕು ಎಂಬ ತತ್ತ್ವವೇ ಆ ವಿಂಗಡಣೆಯ ತಿರುಳು.

ತಾಲ್ಲೂಕು ಕಚೇರಿಯ ಟಪಾಲು ವ್ಯವಸ್ಥೆಯೂ ಇದೇ ತತ್ತ್ವವನ್ನು ಅನುಸರಿಸಿತು. ಬಂದ ಪತ್ರವನ್ನು ಗುಮಾಸ್ತನು ಆವಕ ಪುಸ್ತಕದಲ್ಲಿ ನಮೂದಿಸಿ, ಸಂಖ್ಯೆಯನ್ನೂ ದಿನಾಂಕವನ್ನೂ ಹಾಕುತ್ತಿದ್ದನು. ಅಧಿಕಾರಿಯು ಅದರ ಮೇಲೆ ಷರಾ ಬರೆದು ಸಂಬಂಧಪಟ್ಟವರಿಗೆ ಒಪ್ಪಿಸುತ್ತಿದ್ದನು. ಉತ್ತರವು ಜಾವಕ ಪುಸ್ತಕದಲ್ಲಿ ದಾಖಲಾಗಿ ಹೊರಡುತ್ತಿತ್ತು. ಆವಕಕ್ಕೂ ಜಾವಕಕ್ಕೂ ತಾಳೆ ನೋಡಿದರೆ ಬಾಕಿ ಉಳಿದ ಪತ್ರಗಳಾವುವು ಎಂಬುದು ಕೂಡಲೇ ತಿಳಿಯುತ್ತಿತ್ತು.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞರು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಜಾಲದ ಮೂಲಕ ಸಂದೇಶವನ್ನು ಕಳುಹಿಸಿದರು. ಅದೇ ಇ-ಮೇಲ್‌ನ ಆರಂಭ. ಇಂದು ಪತ್ರವು ತುಮಕೂರಿನಿಂದ ಪಾವಗಡಕ್ಕೆ ಕ್ಷಣಮಾತ್ರದಲ್ಲಿ ತಲಪುತ್ತದೆ. ಆದರೆ ಪತ್ರ ತಲಪಿದೊಡನೆ ಕೆಲಸ ಮುಗಿಯಲಿಲ್ಲ. ಕಳುಹಿಸುವುದು ಸುಲಭವಾದಷ್ಟೂ ಬರುವ ಪತ್ರಗಳು ಹೆಚ್ಚುತ್ತವೆ. ಮುಖ್ಯವಾದುದು ಅಮುಖ್ಯವಾದುದರ ರಾಶಿಯಲ್ಲಿ ಹೂತುಹೋಗುತ್ತದೆ.

ಇದಕ್ಕೆ ಪರಿಹಾರವು ಹಳೆಯ ಟಪಾಲು ಕ್ರಮದಲ್ಲಿಯೇ ಇದೆ. ಟಪಾಲು ಬರುವುದಕ್ಕೆ ಹೊತ್ತು ಗೊತ್ತಿದ್ದಂತೆ ಇ-ಮೇಲ್ ನೋಡುವುದಕ್ಕೂ ದಿನಕ್ಕೆ ಎರಡು ಮೂರು ವೇಳೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಗಳಿಗೆಗೊಮ್ಮೆ ಇಣುಕಿದರೆ ಕೈಯಲ್ಲಿರುವ ಕೆಲಸ ಕೆಡುತ್ತದೆ. ತೆರೆದ ಪತ್ರವನ್ನು ತೀರ್ಮಾನವಿಲ್ಲದೆ ಮುಚ್ಚಬಾರದು. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಅಲ್ಲಿಯೇ ಉತ್ತರಿಸಬೇಕು. ಪರರಿಗೆ ಸಂಬಂಧಿಸಿದುದನ್ನು ಅವರಿಗೆ ವರ್ಗಾಯಿಸಬೇಕು. ಕಾಲಾವಕಾಶ ಬೇಡುವುದಕ್ಕೆ ಗಡುವನ್ನು ಗುರುತಿಸಿ ಬೇರೆ ಇಡಬೇಕು. ಮುಗಿದುದನ್ನು ಕಡತಕ್ಕೆ ಸೇರಿಸಬೇಕು. ಬರೆಯುವವನಿಗೂ ಹೊಣೆಯುಂಟು. ವಿಷಯದ ಸಾಲು ಸ್ಪಷ್ಟವಾಗಿರಬೇಕು. ಒಂದು ಪತ್ರದಲ್ಲಿ ಒಂದೇ ವಿಷಯವಿರಬೇಕು. ಅಗತ್ಯವಿಲ್ಲದವರಿಗೆ ಪ್ರತಿಯನ್ನು ಕಳುಹಿಸಬಾರದು.

ಪಾವಗಡದ ಗಡಿಗ್ರಾಮದ ವೃದ್ಧೆಯೊಬ್ಬಳು ಪಿಂಚಣಿಗಾಗಿ ಅರ್ಜಿ ಸಲ್ಲಿಸಿದಳೆಂದು ಇಟ್ಟುಕೊಳ್ಳಬಹುದು. ಅವಳ ವಯಸ್ಸಿನ ಬಗ್ಗೆ ವಿವರಣೆ ಕೇಳುವ ಇ-ಮೇಲ್ ಒಂದು ನೂರಾರು ಸುತ್ತೋಲೆಗಳ ನಡುವೆ ಕಣ್ಮರೆಯಾಯಿತೆನ್ನೋಣ. ಯಂತ್ರವು ತನ್ನ ಕೆಲಸವನ್ನು ಮಾಡಿತ್ತು. ಯಾರೂ ಕೆಡುಕನ್ನು ಬಯಸಲಿಲ್ಲ. ಆದರೂ ಆ ತಿಂಗಳು ಅವಳ ಮನೆಯ ಒಲೆ ಉರಿಯುವುದು ಕಷ್ಟವಾಗುತ್ತದೆ. ಇಂತಹ ವಿಳಂಬವನ್ನು ತಡೆಯಲೆಂದೇ ಕರ್ನಾಟಕದಲ್ಲಿ 2011ರಲ್ಲಿ ‘ಸಕಾಲ’ ಕಾಯಿದೆ ರೂಪುಗೊಂಡು, 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಗೊತ್ತುಪಡಿಸಿದ ಸೇವೆಯು ಅವಧಿಯೊಳಗೆ ದೊರೆಯದಿದ್ದರೆ ಅರ್ಜಿದಾರನು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಪರಿಹಾರವನ್ನು ಕೇಳಬಹುದು.

ಕಾಯಿದೆಯು ಗಡುವನ್ನು ವಿಧಿಸಬಲ್ಲದು. ಯಂತ್ರವು ವೇಗವನ್ನು ನೀಡಬಲ್ಲದು. ಆದರೆ ಪತ್ರದ ಹಿಂದೆ ಕಾದು ಕುಳಿತ ಮನುಷ್ಯನೊಬ್ಬನಿದ್ದಾನೆಂಬ ಅರಿವನ್ನು ಇವೆರಡೂ ಕೊಡಲಾರವು. ಆ ಅರಿವುಳ್ಳವನ ಮೇಜಿನ ಮೇಲೆ ಬಾಕಿ ಬೆಳೆಯುವುದಿಲ್ಲ.