ಸೆಪ್ಟೆಂಬರಿನ ತೋಟ ಸುತ್ತಾಟ: ಗಿಡದ ಜೊತೆಗೆ ಮರವನ್ನೂ ನೋಡೋಣ

ಮಳೆಯ ಅಬ್ಬರ ಇಳಿಯುವ ಸೆಪ್ಟೆಂಬರಿನಲ್ಲಿ ಅರೇಬಿಕಾ ಬೆಳೆಗಾರರಾದ ನಮಗೆ ಬಿಳಿ ಕಾಂಡಕೊರಕದ ಪತ್ತೆ ಕೆಲಸ ಇದ್ದೇ ಇರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದುಂಬಿಗಳು ಹೊರಬಂದು ಮೊಟ್ಟೆಯಿಡುತ್ತವೆ. ಅದಕ್ಕೆ ಮೊದಲೇ ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡಗಳನ್ನು ಕಿತ್ತು ಸುಡಬೇಕು. ಹೇಗೂ ಸಾಲು ಸಾಲಾಗಿ ತೋಟ ಸುತ್ತುವ ಆ ದಿನ ತಲೆಯೆತ್ತಿ ನೆರಳುಮರಗಳನ್ನೂ ನೋಡಬೇಕೆಂಬುದು ಈ ಪಾಠದ ಉದ್ದೇಶ.

ಬೆಳಿಗ್ಗೆ 6.30ರಿಂದ 9 ಗಂಟೆ ಒಳ್ಳೆಯ ಹೊತ್ತು. ಈ ದಿನಗಳಲ್ಲಿ ಉತ್ತರದಿಂದ ವಲಸೆ ಹಕ್ಕಿಗಳು ಬರತೊಡಗುತ್ತವೆ. ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ಬಾಲ ಕುಣಿಸುತ್ತ ಹುಳು ಹೆಕ್ಕುವ, ಹಳದಿ ಹೊಟ್ಟೆಯ ಬೂದು ಸಿಪಿಲೆ ಅವುಗಳಲ್ಲೊಂದು. ಕಾಫಿಯ ಮೇಲಿನ ನೆರಳುಮರಗಳ ಎಲೆಗಳ ನಡುವೆ ಗುಬ್ಬಿಗಿಂತ ಚಿಕ್ಕದಾದ, ಮಾಸಲು ಹಸಿರಿನ ಉಲಿಯಕ್ಕಿ ಸಿಗುತ್ತದೆ. ಅದು ಏಪ್ರಿಲ್ ಸುಮಾರಿಗೆ ಮರಳುವವರೆಗೂ ಇಲ್ಲಿದ್ದು ಸಣ್ಣ ಕೀಟಗಳನ್ನು ತಿನ್ನುತ್ತದೆ. ಕಾಜಾಣ, ಮರಕುಟಿಗಗಳು ಊರಿನವೇ.

ಬಿಸಿಲೇರಿದ ಮೇಲೆ ಅತ್ತಿ, ಬಸರಿ, ಗೋಣಿ ಮರಗಳ ಕೆಳಗೆ ಸ್ವಲ್ಪ ನಿಲ್ಲೋಣ. ಹಣ್ಣಿದ್ದರೆ ಕುಟ್ರು, ಪಿಕಳಾರ, ಮಂಗಟ್ಟೆ ಬರುತ್ತವೆ, ಕೆಂದಳಿಲೂ ಕಾಣಬಹುದು. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ ಮಲಬಾರ್ ಬೂದು ಮಂಗಟ್ಟೆ ಹಳೆಯ ಮರದ ಪೊಟರೆಯಲ್ಲೇ ಮರಿ ಮಾಡುತ್ತದೆ. ಅಂಥ ಮರ ಕಡಿದರೆ ಅದರ ಮನೆಯೇ ಹೋದಂತೆ.

ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟಕ್ಕೂ ಸುಲಭ. ಅದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಕ್ಕಿ ತಿನ್ನುವ ಹಣ್ಣು ಅದರಲ್ಲಿ ಆಗುವುದಿಲ್ಲ. ತೋಟವೆಲ್ಲ ಅದೇ ಆದರೆ ಹಣ್ಣು ನಂಬಿದ ಹಕ್ಕಿಗಳಿಗೆ ಇಲ್ಲಿ ಕೆಲಸವಿಲ್ಲ.

ಇನ್ನೊಂದು ಮಾತು. ಹಕ್ಕಿಗಳಿವೆಯೆಂದು ಕಾಂಡಕೊರಕದ ಪತ್ತೆ ಬಿಡುವಂತಿಲ್ಲ. ಹುಳು ಕಾಂಡದೊಳಗೆ ಅಡಗಿರುತ್ತದೆ. ಆದರೆ ಅದರ ದುಂಬಿಗೆ ಬಿಸಿಲು ಬಿದ್ದ ಗಿಡವೇ ಇಷ್ಟ. ಆದ್ದರಿಂದ ಹಕ್ಕಿಗೆ ನೆಲೆಯಾದ ದಟ್ಟ ನೆರಳು ಕಾಫಿ ಗಿಡಕ್ಕೂ ರಕ್ಷಣೆ.

ಬೆಳೆಗಾರ ಬಂಧುಗಳು ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಅಂಕಣ ಹಾಕಿಕೊಳ್ಳಲಿ: ದಿನಾಂಕ, ಹೊತ್ತು, ಹಕ್ಕಿ ಅಥವಾ ಪ್ರಾಣಿ, ಕೂತ ಮರ. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ ಬರೆದರೂ ಸಾಕು. ಮನೆಯ ಮಕ್ಕಳನ್ನೂ, ತೋಟದ ಕೆಲಸದವರನ್ನೂ ಕೇಳಿ ಬರೆಯೋಣ. ಅವರ ಕಣ್ಣು ನಮ್ಮದಕ್ಕಿಂತ ಚುರುಕು. ಪ್ರತಿ ವರ್ಷ ಇದೇ ವಾರ ಹೀಗೆ ಬರೆದಿಟ್ಟರೆ, ಮರ ಮಾರುವ ಮಾತು ಬಂದಾಗ ಯಾವುದನ್ನು ಉಳಿಸಬೇಕೆಂದು ಆ ಪುಸ್ತಕವೇ ತಿಳಿಸುತ್ತದೆ.